ಯಾರ ಕೈಯಲ್ಲಿತ್ತು ಚಾಕು

ನನ್ನ ಕೈಚೀಲದಲ್ಲಿ ಮಡಚುವ ಚಾಕು ಇದೆ ಅಂತ ಆಫೀಸಿನಲ್ಲಿ ಗೊತ್ತಾದದ್ದು ಒಂದು ಚಿಪ್ಸ್ ಪೊಟ್ಟಣದಿಂದ. ಹೊನ್ನಾವರದಲ್ಲಿರುವ ಔಷಧಿ ಗೋದಾಮು ಅದು. ಸುತ್ತಲಿನ ಮೆಡಿಕಲ್ ಶಾಪಿನವರು ಫೋನ್ ಮಾಡಿದಾಗ ಆರ್ಡರ್ ಬರೆದುಕೊಳ್ಳುವುದು ನನ್ನ ಕೆಲಸ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಪಕ್ಕದ ಮೇಜಿನವಳು ಬಾಳೆಕಾಯಿ ಚಿಪ್ಸಿನ ಪೊಟ್ಟಣವನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದಳು. ನಾನು ಚಾಕು ತೆಗೆದು ಮೂಲೆ ಕತ್ತರಿಸಿಕೊಟ್ಟೆ.

ಅವಳು ಚಿಪ್ಸಿಗೆ ಕೈ ಹಾಕಲಿಲ್ಲ. ಚಾಕುವನ್ನೇ ನೋಡುತ್ತ ಕೂತಳು.

"ಎಂತ ಮಾರಾಯ್ತಿ ಇದು? ಯಾರನ್ನ ತಿವೀಲಿಕ್ಕೆ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಕಾರಣ ಹೇಳಬಹುದಿತ್ತು, ಹೇಳಲಿಲ್ಲ. ಅದಕ್ಕೆ ಎರಡು ವರ್ಷ ಮೊದಲು, ಹಳದೀಪುರದ ನಮ್ಮ ಮನೆಯಿಂದ ಗಂಡನ ಬೈಕಿನಲ್ಲಿ ಹೊರಟಿದ್ದಾಗ ನನ್ನ ವೇಲು ಹಿಂದಿನ ಚಕ್ರಕ್ಕೆ ಸಿಕ್ಕಿತ್ತು. ಕುತ್ತಿಗೆ ಬಿಗಿದು ರಸ್ತೆಗೆ ಬಿದ್ದೆ. ಗಂಡ ಗಂಟು ಬಿಡಿಸಲು ಹೋದಷ್ಟೂ ಅದು ಬಿಗಿಯಿತು. ಕೂಗಲು ಬಾಯಿ ತೆರೆದರೆ ದನಿಯಿಲ್ಲ. ಎಳನೀರು ಮಾರುವ ಒಬ್ಬ ಹೈವೇ ದಾಟಿ ಓಡಿ ಬಂದು ಕತ್ತಿಯಿಂದ ವೇಲು ಕತ್ತರಿಸಿದ. ಆಮೇಲಿನ ಶನಿವಾರದ ಸಂತೆಯಲ್ಲಿ ನಾನು ಈ ಚಾಕು ತೆಗೆದುಕೊಂಡೆ. ಬೆರಳುದ್ದದ ಅಲಗು, ಕಂದು ಹಿಡಿ. ಇಂಥದ್ದನ್ನೆಲ್ಲ ಊಟದ ಹೊತ್ತಿನಲ್ಲಿ, ನಗುವವರ ನಡುವೆ ಹೇಳಲು ನನಗೆ ಬರುವುದಿಲ್ಲ.

ಒಂದೆರಡು ತಿಂಗಳಲ್ಲಿ ಅದು ನನ್ನ ಚಾಕುವಾಗಿ ಉಳಿಯಲಿಲ್ಲ. ರಟ್ಟಿನ ಪೆಟ್ಟಿಗೆ ಬಿಚ್ಚಬೇಕೆಂದರೆ, ಮಾವಿನಹಣ್ಣು ಹೆಚ್ಚಬೇಕೆಂದರೆ, ಯಾರದೋ ಹುಟ್ಟುಹಬ್ಬದ ಕೇಕು ಕತ್ತರಿಸಬೇಕೆಂದರೆ ಎಲ್ಲರಿಗೂ ಅದೇ ಬೇಕು. ಹೆಸರು ಮಾತ್ರ ನನಗೇ ಉಳಿಯಿತು: ಚಾಕು ಅಕ್ಕ. ಹುಬ್ಬಳ್ಳಿ ಕಡೆಯಿಂದ ಬಂದ ಹೊಸ ಮ್ಯಾನೇಜರು ಆ ಹೆಸರು ಕೇಳಿ ನಗಲಿಲ್ಲ. "ಹೆಣ್ಮಕ್ಕಳ ಬ್ಯಾಗಿನಾಗ ಇಂಥವೆಲ್ಲ ಯಾಕ್ರಿ?" ಎಂದರು. ಬೇಡ ಅಂತ ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.

ಗೋದಾಮಿನ ಸರಕು ನೋಡಿಕೊಳ್ಳುತ್ತಿದ್ದವರು ಭಟ್ಕಳದಿಂದ ದಿನಾ ಬಸ್ಸಿನಲ್ಲಿ ಬರುವ ಒಬ್ಬರು ಭಾಯ್. ನನಗಿಂತ ನಾಲ್ಕೈದು ವರ್ಷ ಚಿಕ್ಕವರು. ಮನೆಯವರೊಂದಿಗೆ ಫೋನಿನಲ್ಲಿ ಭಟ್ಕಳದ ಮುಸ್ಲಿಮರ ನವಾಯತಿ ಮಾತು, ನಮ್ಮೊಂದಿಗೆ ನಮ್ಮಂಥದೇ ಕನ್ನಡ. ಪೆಟ್ಟಿಗೆ ಬಿಚ್ಚುವ ಕೆಲಸ ಅವರದೇ ಆದರೂ ಅವರು ಬೀಗದ ಕೈಯಿಂದ ಟೇಪು ಕೆರೆಯುತ್ತಿದ್ದರು.

"ಭಾಯ್, ನೀವೂ ಒಂದು ಚಾಕು ಇಟ್ಕೊಳ್ಳಿ ಮಾರಾಯ್ರೆ, ಸುಲಭ ಆಗ್ತದೆ" ಎಂದೆ ಒಮ್ಮೆ.

ಅವರು ಟೇಪು ಕೆರೆಯುವುದನ್ನು ನಿಲ್ಲಿಸಲಿಲ್ಲ. "ನೀವು ಇಟ್ಕೊಂಡ್ರೆ ನಗ್ತಾರೆ ಅಕ್ಕ. ಭಟ್ಕಳ ಬಸ್ಸಿನಲ್ಲಿ ನನ್ನ ಚೀಲದಲ್ಲಿ ಸಿಕ್ಕಿದ್ರೆ ಯಾರೂ ನಗೋದಿಲ್ಲ."

ಅಂದಿನಿಂದ ಬೆಳಿಗ್ಗೆ ಸರಕು ಬಂದಾಗ ನಾನೇ ಚಾಕು ಒಯ್ದು ಅವರ ಕೈಗೆ ಕೊಡುತ್ತಿದ್ದೆ. ಕೆಲಸ ಮುಗಿಸಿ ಅವರು ತಂದು ನನ್ನ ಮೇಜಿನ ಮೇಲೆ ಇಡುತ್ತಿದ್ದರು.

ಮಳೆ ನಿಂತ ಮೇಲಿನ ಒಂದು ಬುಧವಾರ. ಅಂದು ಸರಕಿನ ಗಾಡಿ ತಡವಾಗಿ, ಮಧ್ಯಾಹ್ನ ಬಂತು. ಚಾಕುವನ್ನು ಭಾಯ್‌ಗೆ ಕೊಟ್ಟು ಬಂದೆ. ನಾಲ್ಕು ಗಂಟೆಯ ಹೊತ್ತಿಗೆ ಹೊರಗೆ ಮ್ಯಾನೇಜರರ ಕೂಗು ಕೇಳಿಸಿತು. ಬೈಕುಗಳನ್ನು ನಿಲ್ಲಿಸುವ ತಗಡಿನ ಶೆಡ್ಡಿನ ಮುಂದೆ ಅವರು ನಿಂತಿದ್ದರು. ಅವರ ಹೊಸ ಬೈಕಿನ ಸೀಟು ಗೇಣುದ್ದ ಸೀಳಿತ್ತು. ಗೆರೆ ಎಳೆದಂತೆ ನೇರವಾಗಿ. ಒಳಗಿನ ಸ್ಪಂಜು ಹೊರಗೆ ಇಣುಕುತ್ತಿತ್ತು.

ಯಾರೂ ನನ್ನ ಹೆಸರು ಹೇಳಲಿಲ್ಲ. ಒಬ್ಬೊಬ್ಬರಾಗಿ ನನ್ನ ಕಡೆ ನೋಡಿ ಕಣ್ಣು ತಪ್ಪಿಸಿದರು. ಹಿಂದಿನ ವಾರವಷ್ಟೇ ನಾನು ಕೇಳಿದ ರಜೆಯನ್ನು ಮ್ಯಾನೇಜರು ಕೊಟ್ಟಿರಲಿಲ್ಲ, ಅದಕ್ಕೆ ನಾನು ಎಲ್ಲರ ಮುಂದೆ ಜಗಳವಾಡಿದ್ದೆ.

ಅವರು ನನ್ನನ್ನು ಒಳಗೆ ಕರೆದರು.

"ನಾ ಯಾರ ಮ್ಯಾಲೂ ಹೇಳ್ತಿಲ್ಲ. ಸುಮ್ಮನ ಕೇಳ್ತೀನಿ. ಮಧ್ಯಾಹ್ನ ನಿಮ್ಮ ಚಾಕು ಎಲ್ಲಿತ್ತು?"

ಗೋದಾಮಿನ ಬಾಗಿಲು ಶೆಡ್ಡಿಗೆ ಹತ್ತು ಹೆಜ್ಜೆ. ಭಾಯ್ ಹತ್ತಿರ ಇತ್ತು ಅಂದರೆ ಸಾಕು, ನಾನು ಹೊರಗೆ ಬರುತ್ತಿದ್ದೆ. ಆದರೆ ಆ ಮಾತು ಆ ಕೋಣೆಯಲ್ಲೇ ಮುಗಿಯುವಂಥದಲ್ಲ ಅಂತ ನನಗೆ ಗೊತ್ತಿತ್ತು. ಸಂಜೆಯೊಳಗೆ ಅದು ಬಸ್ ಸ್ಟ್ಯಾಂಡಿಗೆ ಹೋಗುತ್ತದೆ, ಅಲ್ಲಿ ಅದರ ರೂಪವೇ ಬೇರೆಯಾಗುತ್ತದೆ. ಗಾಜಿನಾಚೆ ಭಾಯ್ ನಿಂತಿದ್ದರು. ಅವರಿಗೆ ಪ್ರಶ್ನೆ ಕೇಳಿಸಿತ್ತು.

"ನನ್ನ ಹತ್ರಾನೇ ಇತ್ತು ಸರ್" ಎಂದೆ. "ಸೀಟು ನಾನು ಕೊಯ್ದಿಲ್ಲ."

"ನೀವು ಕೊಯ್ದ್ರಿ ಅಂತ ನಾ ಎಲ್ಲಿ ಅಂದೆ?"

ಅಷ್ಟೇ. ದೂರಿಲ್ಲ, ನೋಟಿಸಿಲ್ಲ. ಯಾರಾದರೂ ನೇರವಾಗಿ ಬೈದಿದ್ದರೆ ಉತ್ತರ ಕೊಡಬಹುದಿತ್ತು. ಮರುದಿನದಿಂದ ಪಕ್ಕದ ಮೇಜಿನವಳು ಊಟದ ಡಬ್ಬಿ ಹಿಡಿದು ಆಚೆ ಮೂಲೆಗೆ ಹೋಗಿ ಕೂತಳು. ಪೆಟ್ಟಿಗೆ ಬಿಚ್ಚಲು ಒಂದು ಕತ್ತರಿ ಬಂತು. ಚಾಕು ಮನೆಯಲ್ಲಿಟ್ಟು ಬರೋಣವೆಂದರೆ, ಹೆದರಿ ಬಿಟ್ಟಳು ಅನ್ನುತ್ತಾರೆ. ತಂದರೆ, ಇಷ್ಟಾದರೂ ತರುತ್ತಾಳೆ ನೋಡು ಅನ್ನುತ್ತಾರೆ. ತಂದೆ. ದಿನವಿಡೀ ಚೀಲದ ಜಿಪ್ಪು ತೆಗೆಯಲು ಹೆದರಿದೆ. ತಲೆನೋವಿನ ಮಾತ್ರೆ ಅದರಲ್ಲೇ ಇರುತ್ತಿತ್ತು, ಅದನ್ನೂ ತೆಗೆಯಲಿಲ್ಲ. ರಾಜೀನಾಮೆ ಕೊಡೋಣವೆಂದು ಬರೆದು, ಕೊಟ್ಟರೆ ತಪ್ಪು ಒಪ್ಪಿದ ಹಾಗೆ ಎಂದು ಹರಿದೆ.

ಒಂದು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಭಾಯ್ ಹತ್ತಿರ ಬಂದರು.

"ಅಕ್ಕ, ನಾನು ಅಲ್ಲ ಮಾಡಿದ್ದು."

"ಗೊತ್ತುಂಟು."

"ಚಾಕು ನನ್ನ ಹತ್ರ ಇತ್ತು ಅಂತ ನಾನೇ ಹೇಳ್ಬೇಕಿತ್ತು. ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ."

"ಬೇಡ ಬಿಡಿ" ಎಂದೆ. ಅವರಿಗೆ ಯಾಕೆ ಬಾಯಿ ಬರಲಿಲ್ಲ ಅಂತ ನನಗೆ ಚೆನ್ನಾಗಿ ತಿಳಿದಿತ್ತು. ಆದರೂ ಬಸ್ಸು ಹತ್ತಿ ಕೂತ ಮೇಲೆ ಅವರ ಮೇಲೆ ಬಂದ ಸಿಟ್ಟು ಹಳದೀಪುರದಲ್ಲಿ ಇಳಿಯುವವರೆಗೂ ಇಳಿಯಲಿಲ್ಲ. ಕೇಳದೆ ಕಾಪಾಡಿದ್ದು ನಾನು. ಸಿಟ್ಟು ಮಾಡುವ ಹಕ್ಕು ನನಗೆಲ್ಲಿ? ಮನೆಯಲ್ಲಿ ಗಂಡನಿಗೆ ಎಲ್ಲ ಹೇಳಿದೆ. "ನಿಜ ಹೇಳಿ ಮುಗಿಸು" ಎಂದರು. ಅವರ ಮಟ್ಟಿಗೆ ಅದು ಅಷ್ಟು ಸರಳವಾಗಿತ್ತು.

ಡಿಸೆಂಬರಿನಲ್ಲಿ ನನ್ನನ್ನು ಕುಮಟಾದ ಗೋದಾಮಿಗೆ ಹಾಕಿದರು. ಹೊಸ ಗಾಳಿ ಎಂದುಕೊಂಡು ಹೋದೆ. ಮೊದಲ ದಿನವೇ ಅಲ್ಲಿಯ ಒಬ್ಬ ಕುರ್ಚಿ ಸರಿಸಿಕೊಡುತ್ತ ಕೇಳಿದ: "ಸೀಟು ಕೊಯ್ದವರು ನೀವೇ ಅಲ್ದಾ?" ಅವನು ತಮಾಷೆಗೇ ಕೇಳಿದ್ದು.

ಮಾರ್ಚಿನಲ್ಲಿ ಹೊನ್ನಾವರದಿಂದ ಭಾಯ್ ಫೋನ್ ಮಾಡಿದರು. ನಾನು ಮನೆಗೆ ಹೊರಟು ಕುಮಟಾ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಪಕ್ಕದ ಮೇಜಿನವಳು ಹೊಸ ಸ್ಕೂಟಿ ತಂದಿದ್ದಳಂತೆ. ಶೆಡ್ಡಿನಿಂದ ಹೊರಗೆ ಎಳೆಯುವಾಗ, ಮೊಳೆ ಕಳಚಿ ಬಾಗಿದ್ದ ತಗಡಿನ ಅಂಚು ತಾಗಿ ಸೀಟು ಸೀಳಿತಂತೆ. ಅದೇ ಉದ್ದ, ಅದೇ ನೇರ ಗೆರೆ. ಆ ಬುಧವಾರ ಮ್ಯಾನೇಜರರೂ ಆ ಮೂಲೆಯಿಂದಲೇ ಬೈಕು ಎಳೆದಿದ್ದರು. ತಮ್ಮ ಸೀಟನ್ನು ತಾವೇ ಸೀಳಿಕೊಂಡಿದ್ದರು.

"ಅವರು ಎಂತ ಅಂದ್ರು?"

"ತಗಡಿಗೆ ಮೊಳೆ ಹೊಡೀರಿ ಅಂದ್ರು."

ನನಗೆ ನಗು ಬಂತೋ ಅಳು ಬಂತೋ ಗೊತ್ತಿಲ್ಲ. ಭಾಯ್ ಮುಂದುವರಿಸಿದರು: "ಅಕ್ಕ, ಆ ದಿನ ಚಾಕು ನನ್ನ ಹತ್ರ ಇತ್ತು ಅಂತ ಇವತ್ತು ಎಲ್ಲರ ಮುಂದೆ ಹೇಳ್ದೆ."

"ಈಗ ಎಂತಕ್ಕೆ ಹೇಳ್ಲಿಕ್ಕೆ ಹೋದ್ರಿ?"

"ಈಗ ಮಾತ್ರ ಹೇಳ್ಲಿಕ್ಕೆ ಆಗೋದು."

"ಆತು ಭಾಯ್" ಎಂದೆ. ಅವರು ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ. ಅವರ ಕಡೆ ಕಂಡಕ್ಟರು ಮುರ್ಡೇಶ್ವರ, ಭಟ್ಕಳ ಎಂದು ಕೂಗುವುದು ಕೇಳಿಸುತ್ತಿತ್ತು. ನನ್ನ ಬಸ್ಸೂ ಬಂದು ನಿಂತಿತು. ಕೊನೆಗೆ ಅವರೇ ಕೇಳಿದರು, "ಕುಮಟಾದಲ್ಲಿ ಊಟಕ್ಕೆ ಯಾರ ಜೊತೆ ಕೂರ್ತೀರಿ ಅಕ್ಕ?"

ಒಬ್ಬಳೇ ಅಂತ ಅವರಿಗೆ ಹೇಳಲಿಲ್ಲ. ಜನ ಹತ್ತುತ್ತಿದ್ದಾರೆ, ಸೀಟು ಸಿಗುವುದಿಲ್ಲ ಎಂದು ಫೋನ್ ಇಟ್ಟೆ.