ಒತ್ತಿ ಬರೆಯದ ಕೈ

ರಬ್ಬರಜ್ಜಿಗೆ ಹೆತ್ತವರು ಇಟ್ಟ ಹೆಸರು ಬೇರೇನೋ ಇತ್ತು. ಈಗ ಅದನ್ನು ಕೂಗಿದರೆ ಆಕೆಯೇ ತಿರುಗಿ ನೋಡುವುದಿಲ್ಲ. ಪ್ರೆಸ್ಸಿನಲ್ಲಿ ಪುಸ್ತಕ ಹೊಲಿದು ಹೊಲಿದು ಬೆರಳು ಸೊಟ್ಟಗಾದ ಮೇಲೆ ಕೆಲಸ ಬಿಟ್ಟು ಮಗಳ ಮನೆ ಸೇರಿದಳು. ಸುಮ್ಮನೆ ಕೂರುವ ಜೀವವೇ ಅದು? ಬೀದಿಯ ಮಕ್ಕಳ ಹಳೇ ಪುಸ್ತಕಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಕೂತಳು.

ಮೊದಲೆಲ್ಲ ಪಾಠದ ಪುಸ್ತಕ ಅಕ್ಕನಿಂದ ತಂಗಿಗೆ, ತಂಗಿಯಿಂದ ಪಕ್ಕದ ಮನೆಗೆ ಹೋಗುತ್ತಿತ್ತು. ಅದು ಯಾವ ಪುಣ್ಯಾತ್ಮರ ಕಣ್ಣಿಗೆ ಚುಚ್ಚಿತೋ, ಪುಸ್ತಕದೊಳಗೇ ಉತ್ತರ ಬರೆಯುವಂತೆ ಮಾಡಿಬಿಟ್ಟರು. ಬಿಟ್ಟ ಸ್ಥಳ ತುಂಬಿರಿ, ಹೊಂದಿಸಿ ಬರೆಯಿರಿ, ಸರಿ ಉತ್ತರಕ್ಕೆ ಗುರುತು ಹಾಕಿರಿ. ಒಮ್ಮೆ ಬರೆದರೆ ಮುಗಿಯಿತು, ಮರುವರ್ಷ ಅದು ರದ್ದಿ. ಪ್ರತಿವರ್ಷ ಪ್ರತಿ ಮಗುವಿಗೂ ಹೊಸ ಕಟ್ಟು ತರಬೇಕೆಂದರೆ ಆ ಬೀದಿಯವರ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ. ಅವರು ಚಾಪೆ ಕೆಳಗೆ ತೂರಿದರೆ ನಾವು ರಂಗೋಲಿ ಕೆಳಗೆ ತೂರೋಣ ಎಂದಳು ಅಜ್ಜಿ.

ಬೀದಿಗೊಂದು ಕಟ್ಟಳೆ ಮಾಡಿದಳು. ಪುಸ್ತಕಕ್ಕೆ ಪೆನ್ನು ತಾಗಿಸಕೂಡದು. ಪೆನ್ಸಿಲ್ಲೂ ಕಾಗದದ ಮೇಲೆ ಕೂತೂ ಕೂರದಂತೆ ಓಡಬೇಕು. ವರ್ಷದ ಕೊನೆಗೆ ಪುಸ್ತಕಗಳೆಲ್ಲ ಅವಳ ಬಾಗಿಲಿಗೆ ಬರುತ್ತಿದ್ದವು. ಪುಟಪುಟವನ್ನೂ ರಬ್ಬರಿನಿಂದ ಉಜ್ಜಿ, ಪುಡಿ ಊದಿ, ಕಿತ್ತುಬಂದ ಬೆನ್ನು ಹೊಲಿದು ಮುಂದಿನ ಮಗುವಿಗೆ ದಾಟಿಸುತ್ತಿದ್ದಳು. ಒತ್ತಿ ಬರೆದ ಪುಟ ಸಿಕ್ಕಿತೋ, ಆ ಮಗುವಿನ ಮನೆಗೇ ಹೋಗಿ ಜನ್ಮ ಜಾಲಾಡಿ ಬರುತ್ತಿದ್ದಳು.

ಬರಬರುತ್ತಾ ಅವಳ ಮಣಿಕಟ್ಟು ಊದಿಕೊಂಡಿತು. ಲೋಟ ಎತ್ತಲೂ ಎರಡು ಕೈ ಬೇಕಾಯಿತು. ಸಾಕಪ್ಪಾ ಸಾಕು ಎನಿಸುತ್ತಿತ್ತು. ಆದರೆ ಕಟ್ಟು ಹಿಡಿದು ನಿಂತ ತಾಯಂದಿರ ಮುಖ ನೋಡಿ ಇಲ್ಲವೆನ್ನಲು ನಾಲಿಗೆ ಏಳುತ್ತಿರಲಿಲ್ಲ.

ಅವಳಿಗಿದ್ದ ಒಂದೇ ಆಸೆ ಮೊಮ್ಮಗಳು. ಮಗಳು ಬಟ್ಟೆ ಕಾರ್ಖಾನೆಗೆ ಹೋದರೆ ಹುಡುಗಿ ಅಜ್ಜಿಯ ಮಗ್ಗುಲಲ್ಲೇ ಕೂತು ಅಕ್ಷರ ತಿದ್ದಿದವಳು. ಏನು ಕೇಳಿದರೂ ಅರಳು ಹುರಿದ ಹಾಗೆ ಉತ್ತರ. ಊರಾಚೆಯ ದೊಡ್ಡ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಗೆದ್ದವರಿಗೆ ಓದು ಮುಗಿಯುವ ತನಕ ಪುಸ್ತಕವೆಲ್ಲ ಪುಕ್ಕಟೆ, ಅದೂ ಹೊಚ್ಚ ಹೊಸದು. ಆ ಪರೀಕ್ಷೆ ಬರೆಯಲು ಒಂದೇ ಸಲ ಅವಕಾಶ. ಬರೆದು ಬಂದ ಹುಡುಗಿ ಎಲ್ಲಾ ಗೊತ್ತಿತ್ತು ಎಂದಳು. ಇದೇ ಕೊನೆಯ ವರ್ಷ, ಇನ್ನು ನನ್ನ ಕೈಗೆ ಬಿಡುಗಡೆ ಎಂದು ಅಜ್ಜಿ ಬೀದಿಗೆಲ್ಲ ಸಾರಿಬಿಟ್ಟಳು.

ಫಲಿತಾಂಶದ ಹಾಳೆಯಲ್ಲಿ ಹುಡುಗಿಯ ಹೆಸರಿರಲಿಲ್ಲ.

ಅಜ್ಜಿ ಸೆರಗು ಬಿಗಿದು ಶಾಲೆಯ ಕಚೇರಿಗೆ ನುಗ್ಗಿದಳು. ದೊಡ್ಡವರ ಮಕ್ಕಳಿಗೆ ಮಾರಿಕೊಂಡಿದ್ದೀರಿ ಎಂದಳು, ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಗುಮಾಸ್ತ ಒಳ್ಳೆಯವನು, ಬೈಸಿಕೊಂಡೇ ಒಳಗೆ ಹೋಗಿ ಹುಡುಗಿಯ ಉತ್ತರದ ಹಾಳೆ ಹುಡುಕಿ ತಂದ. ಸರಿ ಉತ್ತರದ ಮುಂದಿನ ಸೊನ್ನೆಯನ್ನು ಪೆನ್ಸಿಲ್ಲಿನಿಂದ ಕಪ್ಪಗೆ ತುಂಬಬೇಕು, ಯಂತ್ರ ಅದನ್ನು ನೋಡಿ ಅಂಕ ಹಾಕುತ್ತದೆ ಎಂದು ವಿವರಿಸಿದ.

ಅಜ್ಜಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಖಾಲಿ ಕಂಡಿತು. ಓರೆ ಮಾಡಿ ಹಿಡಿದಾಗ, ಒಂದೊಂದು ಸಾಲಿನಲ್ಲೂ ಒಂದು ಸೊನ್ನೆಯೊಳಗೆ ತೆಳ್ಳಗೆ ಬೂದಿ ಉದುರಿದ ಹಾಗೆ ಬಣ್ಣವಿತ್ತು. ಹುಡುಗಿ ಒಂದನ್ನೂ ಬಿಟ್ಟಿರಲಿಲ್ಲ. ಒಂದು ಸಲ ರಬ್ಬರು ಆಡಿಸಿದರೆ ಗುರುತೂ ಉಳಿಯದ ಹಾಗೆ, ಅಚ್ಚುಕಟ್ಟಾಗಿ ತುಂಬಿದ್ದಳು.

"ಉತ್ತರ ಸರಿಯಾಗೇ ಇದಾವಮ್ಮ, ನಾನೇ ನೋಡ್ದೆ," ಎಂದ ಗುಮಾಸ್ತ. "ಯಂತ್ರಕ್ಕೆ ಕಂಡಿಲ್ಲ. ಈಗ ಯಾರೂ ಏನೂ ಮಾಡೋಕಾಗಲ್ಲ."

ಅಜ್ಜಿ ಹಾಳೆಯನ್ನು ಮೇಜಿನ ಮೇಲಿಟ್ಟಳು. ಯಾರನ್ನು ಬೈಯುವುದು? ಹಗುರ ಹಗುರ ಎಂದು ಆ ಕೈ ಹಿಡಿದು ತಿದ್ದಿಸಿದವಳು ತಾನೇ. ಅಲ್ಲಿಂದ ಮನೆಯ ಹಾದಿ ಹಿಡಿದಳು. ದಾರಿಯಲ್ಲಿ ಯಾರೋ ಏನಾಯಿತೆಂದು ಕೇಳಿದರು. ಅವಳು ಕೇಳಿಸದವಳಂತೆ ನಡೆದಳು.

ಮೊಮ್ಮಗಳು ಹೊಸ್ತಿಲಲ್ಲಿ ಕಾದು ಕೂತಿದ್ದಳು. ಅಜ್ಜಿ ಉಜ್ಜಿ ಮುಗಿಸಿದ ಪುಸ್ತಕವೊಂದನ್ನು ಗುಡ್ಡೆಯಿಂದ ಎಳೆದು ಅವಳ ಮುಂದಿಟ್ಟು, ಪೆನ್ಸಿಲ್ ಕೊಟ್ಟಳು.

"ಒತ್ತಿ ಬರಿ."

"ಯಾರ ಪುಸ್ತಕ ಅಜ್ಜಿ?"

"ನಿಂದೇ. ಇನ್ಮೇಲೆ ಯಾರಿಗೂ ಕೊಡಲ್ಲ. ಒತ್ತಿ ಬರಿ."

ಹುಡುಗಿ ಬರೆದಳು. ಅಜ್ಜಿ ಕನ್ನಡಕ ಹಾಕಿ ನೋಡಿ, ಇನ್ನೂ ಒತ್ತು ಎಂದಳು. ಹುಡುಗಿ ತುಟಿ ಕಚ್ಚಿ, ಭುಜವೆಲ್ಲ ಬಿಗಿದು ಇನ್ನೊಂದು ಪದ ಬರೆದಳು. ಗೆರೆ ಕಪ್ಪಗೆ ಮೂಡಿತು. ಮೂಡಿದ್ದೇ ತಡ, ಅವಳ ಎಡಗೈ ಗಾಬರಿಯಿಂದ ರಬ್ಬರಿಗಾಗಿ ನೆಲ ತಡಕಾಡಿತು.

"ತಪ್ಪಾಯ್ತಜ್ಜಿ. ಈಗ್ಲೇ ಅಳಿಸ್ತೀನಿ."

ಅಜ್ಜಿ ಆ ಕೈಯಿಂದ ರಬ್ಬರು ಕಿತ್ತುಕೊಂಡು, ಮುಖ ಗೋಡೆಗೆ ತಿರುಗಿಸಿ ಅತ್ತಳು.