ತಲೆಗೊಂದು ಅಭಿಪ್ರಾಯ

ಸಂಜೆಯ ಇಂಗ್ಲಿಷ್ ತರಗತಿಯಲ್ಲಿ ಟೀಚರ್ ತಮ್ಮ ವಿದ್ಯಾರ್ಥಿಯಾಗಿದ್ದ ಕ್ಷೌರಿಕನ ಪ್ರಬಂಧವನ್ನು ಗಟ್ಟಿಯಾಗಿ ಓದಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಶಾಲೆಯಲ್ಲಿ ಮೊಬೈಲ್ ಬೇಕೇ ಎಂಬ ಪ್ರಶ್ನೆಗೆ ಅವನು ಮೊದಲು ಬೇಕು, ಆಮೇಲೆ ಬೇಡ, ಕೊನೆಗೆ ‘ತಾವು ಹೇಳಿದ ಹಾಗೆ’ ಎಂದು ಬರೆದಿದ್ದ. ಮೂವತ್ತು ವರ್ಷ ಗಿರಾಕಿಗಳಿಗೆಲ್ಲ ಹೂಂಗುಟ್ಟಿದವನು. ಕೈಯಲ್ಲಿ ಕತ್ತಿಯಿದ್ದಾಗ ವಾದ ಮಾಡಬಾರದೆಂಬುದು ಅವನ ಕಸುಬಿನ ಮೊದಲ ಪಾಠ.

“ಒಂದು ಕಡೆ ನಿಲ್ಲಿ. ಇಲ್ಲಾಂದ್ರೆ ಪಾಸ್ ಮಾಡಲ್ಲ,” ಎಂದರು ಟೀಚರ್.

ಅವನ ಮಗಳು ಅಲ್ಲೇ ಕಲಿಯುತ್ತ ಆಗಲೇ ಮೇಲಿನ ತರಗತಿಯಲ್ಲಿದ್ದಳು. “ಅಪ್ಪಾ, ನಿನಗೂ ಜಾಗ ಹಿಡಿದಿಟ್ಟಿದೀನಿ,” ಎಂದು ದಿನಾ ಕಾಲೆಳೆಯುತ್ತಿದ್ದಳು.

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಮೊಬೈಲ್ ಬೇಡವೇ ಬೇಡ ಎಂದು ಕಡ್ಡಿ ಮುರಿದಂತೆ ಬರೆದು ಪಾಸಾದ.

“ಅಂತೂ ನಿಮ್ಮ ಸ್ವಂತ ಅಭಿಪ್ರಾಯ ಹೊರಗೆ ಬಂತಲ್ಲ?” ಎಂದರು ಟೀಚರ್, ಹಿಗ್ಗಿ.

“ಇಲ್ಲ ಮೇಡಮ್, ಅವತ್ತು ಕೊನೇಗೆ ಗಡ್ಡ ಮಾಡಿಸ್ಕೊಂಡ ಗಿರಾಕೀದು.”