ಭಾವನ ಕಾರಿನ ಹಿಂದಿನ ಆಕ್ಸಲ್

ನಮ್ಮ ಅಕ್ಕನ ಗಂಡ ರೈಲ್ವೆ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಚಕ್ರ ಅಳೆದವರು. ಒಂದು ಆಕ್ಸಲ್‌ಗೆ ಕೂಡಿಸಿದ ಎರಡು ಚಕ್ರಗಳ ಒಳಮೈಯಿಂದ ಒಳಮೈಗೆ ಎಷ್ಟು ಅಂತರ ಅನ್ನುವುದೇ ಅವರಿಗೆ ವೇದವಾಕ್ಯ. ಅದು ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಆ ಬೋಗಿ ಹೊರಗೆ ಹೋಗುವಂತಿರಲಿಲ್ಲ. ಮನೆಯಲ್ಲೂ ಅದೇ ಹಟ. ಅಕ್ಕ ಬಟ್ಟೆ ಒಣಹಾಕಿದರೆ ಹಿಂದೆಯೇ ಹೋಗಿ ಕ್ಲಿಪ್ಪುಗಳ ನಡುವಿನ ಜಾಗ ಸರಿಮಾಡುತ್ತಿದ್ದರು. ಇಂಥವರ ಜೊತೆ ಸಂಸಾರ ಮಾಡಿದ್ದಕ್ಕೆ ನಮ್ಮಕ್ಕನಿಗೆ ಯಾರಾದರೂ ಪದಕ ಕೊಡಬೇಕಿತ್ತು.

ನಿವೃತ್ತಿಯಾದ ವರ್ಷ ಕಣ್ಣಿನ ಡಾಕ್ಟರು, ನರ ಒಣಗುತ್ತಿದೆ, ನೋಟ ಪಕ್ಕಗಳಿಂದ ಕಿರಿದಾಗುತ್ತಾ ಬರುತ್ತದೆ, ಗಾಡಿ ಓಡಿಸುವುದು ಇನ್ನು ಎರಡು ಮೂರು ವರ್ಷ ಅಷ್ಟೇ ಅಂದರು. ಅದೇ ವಾರ ಭಾವ ದೊಡ್ಡ ದೊಡ್ಡ ಪೆಟ್ಟಿಗೆಗಳನ್ನು ತರಿಸಿದರು. ಮನೆಯಲ್ಲೇ ಜೋಡಿಸಿಕೊಳ್ಳುವ ಕಿಟ್ ಕಾರು, ಎರಡೇ ಸೀಟು. ಜೀವಮಾನವೆಲ್ಲ ಬೇರೆಯವರು ಓಡಿಸುವ ಗಾಡಿಗೆ ಚಕ್ರ ನೋಡಿದ್ದಾಯಿತು, ನೋಟ ಹೋಗುವುದರೊಳಗೆ ಕೈಯಾರೆ ಕಟ್ಟಿದ್ದನ್ನು ನಾನೇ ಓಡಿಸಬೇಕು, ಪಕ್ಕದಲ್ಲಿ ನಿಮ್ಮಕ್ಕ ಕೂತಿರಬೇಕು ಅಂದರು. ಅವರಿಗೆ ಬೇರೆ ಆಸೆಯೇ ಇರಲಿಲ್ಲ.

ಹಿಂದಿನ ಆಕ್ಸಲ್ ಮಾತ್ರ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಹಳೇ ಗಾಡಿಯದನ್ನು ತಂದು ಅಳತೆಗೆ ಕತ್ತರಿಸಿ ಬೆಸೆದುಕೊಳ್ಳಬೇಕು. ನಾನು ಟೈರ್ ಅಂಗಡಿಯಲ್ಲಿ ಅಲೈನ್‌ಮೆಂಟ್ ಮಾಡುವವನು. ಒಂದು ಭಾನುವಾರ ಶೆಡ್ಡಿಗೆ ಹೋದಾಗ ಭಾವ ಮುಂದಿನ ಚಕ್ರಗಳ ಒಳಮೈ ಅಂತರ ಅಳೆದು, ಹಿಂದೆಯೂ ಸರಿಯಾಗಿ ಅಷ್ಟೇ ಬರುವಂತೆ ಗುರುತು ಹಾಕುತ್ತಿದ್ದರು. ಕಾರಿನಲ್ಲಿ ಅಳೆಯುವುದು ಟೈರಿನ ನಡುವಿನಿಂದ ನಡುವಿಗೆ. ಹಿಂದಿನ ಟೈರುಗಳು ಮುಂದಿನವಕ್ಕಿಂತ ಮೂರು ಬೆರಳು ಅಗಲ. ಒಳಗೆ ಸಮ ಮಾಡಿದರೆ ಆ ಅಗಲವೆಲ್ಲ ಹೊರಕ್ಕೆ ಚಾಚಿ, ಕಾರು ಹಿಂದಿನ ಕಾಲು ಅಗಲಿಸಿಕೊಂಡು ನಿಲ್ಲುತ್ತದೆ. ಕಿಟ್‌ನ ಪುಸ್ತಕ ಹೇಳಿದ್ದು ಮುಂದೆ ಅಗಲವಿರಲಿ ಎಂದು. ಹಿಂಭಾಗ ಹೀಗೆ ನೆಲ ಗಟ್ಟಿ ಹಿಡಿದುಕೊಂಡರೆ ವೇಗದಲ್ಲಿ ಮೂತಿ ತಿರುಗದು. ಸ್ಟಿಯರಿಂಗ್ ಎಷ್ಟು ಎಳೆದರೂ ಮುಂದಿನ ಚಕ್ರ ಜಾರಿ ಗಾಡಿ ನೆಟ್ಟಗೆ ಹೋಗುತ್ತದೆ. ರೈಲಿಗೆ ಆ ಚಿಂತೆಯಿಲ್ಲ, ಅದನ್ನು ತಿರುಗಿಸುವುದು ಹಳಿ.

"ಭಾವ, ನಡುವಿನಿಂದ ಅಳೀಬೇಕಲ್ವಾ?" ಅಂದೆ.

ಅವರು ತಲೆ ಎತ್ತಲಿಲ್ಲ. "ಮೂವತ್ತೆರಡು ವರ್ಷ ಚಕ್ರ ಅಳೆದವನಿಗೆ ಪಾಠ ಹೇಳ್ತೀಯೇನೋ?"

ಅಲ್ಲಿಗೆ ನನ್ನ ಬಾಯಿಗೆ ಬೀಗ ಬಿತ್ತು. ನನ್ನನ್ನು ಓದಿಸಿದವರು, ಕೆಲಸಕ್ಕೆ ಸೇರಿಸಿದವರು. ಅವರಿಗೆ ಎದುರು ಮಾತಾಡಿ ಅಭ್ಯಾಸವಿಲ್ಲ. ಹೇಡಿಯ ಹಾಗೆ ಪುಸ್ತಕವನ್ನು ಆ ಪುಟಕ್ಕೆ ತೆರೆದು ಬೆಂಚಿನ ಮೇಲಿಟ್ಟು ಬಂದೆ. ಮುಂದಿನ ವಾರ ಅದರ ಮೇಲೆ ಅವರ ಟೀ ಲೋಟ ಕೂತಿತ್ತು, ಆಕ್ಸಲ್ ಬೆಸುಗೆಯಾಗಿತ್ತು.

ಎರಡು ವರ್ಷ ಕಳೆದು ಕಾರು ರಸ್ತೆ ಪರೀಕ್ಷೆಗೆ ಹೋಯಿತು. ಭಾವ ಇಸ್ತ್ರಿ ಅಂಗಿ ತೊಟ್ಟಿದ್ದರು. ಇನ್‌ಸ್ಪೆಕ್ಟರು ತಾವೇ ಹತ್ತಿ ಕೂತು ಮೈದಾನದ ತಿರುವಿಗೆ ವೇಗವಾಗಿ ನುಗ್ಗಿಸಿದರು. ಕಾರು ತಿರುಗದೆ ಗೆರೆ ದಾಟಿ, ಅಂಚಿಗೆ ಜೋಡಿಸಿದ್ದ ಹಳೇ ಟೈರುಗಳನ್ನು ಚೆಲ್ಲಾಪಿಲ್ಲಿ ಮಾಡಿ ನಿಂತಿತು. ಯಾರಿಗೂ ಏಟಾಗಲಿಲ್ಲ. ಇಳಿದವರು ಟೇಪು ಹಿಡಿದು ಅಳೆದು, ಹಿಂದಿನ ಆಕ್ಸಲ್ ಕಿರಿದು ಮಾಡಿಕೊಂಡು ಬನ್ನಿ ಅಂದರು. ಮುಂದಿನ ಚಕ್ರಗಳನ್ನೇ ಹೊರಗೆ ಸರಿಸೋಣವೆಂದರೆ, ಮಡ್‌ಗಾರ್ಡ್ ದಾಟಿದ ಟೈರನ್ನು ಅವರು ಒಪ್ಪುವುದಿಲ್ಲ. ಭಾವನ ಲೈಸೆನ್ಸ್ ಮುಗಿಯಲು ಹದಿನಾರು ದಿನ ಉಳಿದಿತ್ತು.

ನಾನು ರಜೆ ಹಾಕಿ ಕೂತೆ. ಆದರೂ ಆಕ್ಸಲ್ ಬಿಚ್ಚಿ, ಕತ್ತರಿಸಿ, ಬೆಸೆದು, ಮತ್ತೆ ಪರೀಕ್ಷೆಯ ಸರದಿ ಬರುವಷ್ಟರಲ್ಲಿ ಎರಡು ತಿಂಗಳಾಯಿತು. ಅಷ್ಟರಲ್ಲಿ ಕಣ್ಣಿನ ಡಾಕ್ಟರು ಲೈಸೆನ್ಸ್ ನವೀಕರಣದ ಕಾಗದಕ್ಕೆ ಸಹಿ ಹಾಕುವುದಿಲ್ಲ ಅಂದಿದ್ದರು.

ಕಾರು ಪಾಸಾದ ದಿನ ನಾನು ಓಡಿಸಿದೆ, ಭಾವ ಪಕ್ಕದಲ್ಲಿ. ಸೀಟು ಎರಡೇ ಆದ್ದರಿಂದ ಅಕ್ಕ ಗೇಟಿನ ಹತ್ತಿರವೇ ನಿಂತಳು. ಮೊದಲ ತಿರುವಿನಲ್ಲಿ ಕಾರು ಹೇಳಿದ ಮಾತು ಕೇಳಿತು. ಅಷ್ಟು ಚೆನ್ನಾಗಿ ತಿರುಗಿದ್ದಕ್ಕೇ ನನಗೆ ಅಳು ಬಂತು.

"ನಿನಗೆ ಆವತ್ತೇ ಗೊತ್ತಿತ್ತು ಅಲ್ವಾ?" ಅಂದರು ಭಾವ.

"ಹೇಳಿದ್ದೆ ಭಾವ. ಒಂದು ಸಲ."

ಎರಡನೆಯ ತಿರುವು ದಾಟುವಾಗ ಅವರು ಡ್ಯಾಶ್‌ಬೋರ್ಡಿನ ಮೇಲೆ ಕೈಯಿಟ್ಟರು.

"ಇನ್ನೊಂದು ಸಲ ಹೇಳೋಕೆ ಏನಾಗಿತ್ತೋ ನಿನಗೆ," ಅಂದರು.